ಖರೇ ಟೈಮು, ಅಪ್ಪನ ಟೈಮು

ಕರೆಂಟು ಹೋಗಬಹುದಿತ್ತು. ಕರೆಂಟು ಹೋದಾಗ ಜನರೇಟರು ನಾಲ್ಕು ಸಲ ಕೆಮ್ಮಿ ಸುಮ್ಮನಾಗಬಹುದಿತ್ತು. ಜನರೇಟರಿನ ಕೀಲಿ ಇಟ್ಟುಕೊಂಡ ಮನುಷ್ಯ ಪರೀಕ್ಷೆಯ ಭಾನುವಾರವೇ ಯಾರದೋ ಶಾಂತಿ ಮಾಡಿಸಲು ತ್ರ್ಯಂಬಕೇಶ್ವರಕ್ಕೆ ಹೋಗಿ, ಜೀಪು ತುಂಬುವವರೆಗೆ ಕಾಯುತ್ತ ಅಲ್ಲೇ ಉಳಿದುಬಿಡಬಹುದಿತ್ತು. ನಾಸಿಕದಿಂದ ಸಂಭಾಜಿನಗರಕ್ಕೆ ಟೆಂಪೋದಲ್ಲಿ ಈರುಳ್ಳಿ ಚೀಲಗಳ ಪಕ್ಕ ಕೂತು ಬಂದ ನಮ್ಮ ಸರ್ವರ್ ಯಂತ್ರ ದಾರಿಯ ಗುಂಡಿಗಳಲ್ಲಿ ಹೊಟ್ಟೆಯೊಳಗಿನ ಯಾವುದೋ ತಂತಿ ಕಳಚಿಕೊಂಡಿರಬಹುದಿತ್ತು. ಇಲಿ ಬರಬಹುದಿತ್ತು, ಇಲಿಯನ್ನು ನಾನು ಪ್ರತಿ ಪಟ್ಟಿಯಲ್ಲೂ ಬರೆಯುತ್ತೇನೆ. ಅರವತ್ತು ಯಂತ್ರಗಳು ಒಟ್ಟಿಗೆ ಎಚ್ಚರಾಗಿ ತಂತಿಯ ಮೇಲೆ "ನಾನು ಯಾರು?" ಎಂದು ಕೂಗಿದಾಗ ಸರ್ವರು ಉತ್ತರ ಕೊಡದೆ ಇರಬಹುದಿತ್ತು, ಅಥವಾ ಕೊಟ್ಟು, ಇಬ್ಬರಿಗೆ ಒಂದೇ ಹೆಸರಿಡಬಹುದಿತ್ತು. ಊರಿನ ಹೆಸರು ಸಂಭಾಜಿನಗರವೆಂದು ಬದಲಾದ ಸಂಗತಿಯನ್ನು ಸರ್ವರಿಗೆ ಯಾರೂ ತಿಳಿಸದೆ, ಅದು ಹಳೆಯ ಹೆಸರಿನ ಕಡತ ಹುಡುಕುತ್ತ ನಿಂತಿರಬಹುದಿತ್ತು. ಗಡಿಯಾರದ ಸಾಲಿನಲ್ಲಿ ಒಂದು ಪದ ತಪ್ಪಿ, ಪರೀಕ್ಷೆಯ ಕೋಣೆಗೆ ಬೆಳಗಿನ ಹನ್ನೊಂದು ಗಂಟೆ ಐದೂವರೆಯಂತೆ ಕಾಣಬಹುದಿತ್ತು. ಆ ಕೋಣೆಯಲ್ಲಿ ಮೂವತ್ತೇಳನೆಯ ಕುರ್ಚಿಯಲ್ಲಿ ಕೂರಬೇಕಿದ್ದ ನನ್ನ ಹೆಂಡತಿಯ ಹೆಸರನ್ನು ಪ್ರವೇಶಪತ್ರದಲ್ಲಿ ಮರಾಠಿ ಕಾಗುಣಿತದಲ್ಲಿ ಬರೆದು, ಆಧಾರ್ ಕಾರ್ಡಿನ ಹೆಂಗಸು ಬೇರೆ, ಈ ಹೆಂಗಸು ಬೇರೆ ಎಂದು ಬಾಗಿಲಲ್ಲೇ ತಡೆಯಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ನನ್ನ ಚಿಂತೆಗಳು ಸಾಮಾನ್ಯವಾಗಿ ಇಷ್ಟೇ ದಂಡ.

ಭಾಲ್ಕಿಯ ಕಡೆಯ ನೆಂಟರ ಪಾಲಿಗೆ ನಾನು ನಾಸಿಕದಲ್ಲಿ "ಐಟಿಯೊಳಗ" ಇದ್ದೇನೆ. ಇರಲಿ, ಅವರ ಸಂತೋಷ ನಾನೇಕೆ ಕೆಡಿಸಲಿ. ನಮ್ಮ ಕಂಪನಿ ಪರೀಕ್ಷೆ ನಡೆಸುವವರಿಗೆ ಕೋಣೆಗಳನ್ನು ಒದಗಿಸುತ್ತದೆ: ಕುರ್ಚಿ, ಪರದೆ, ಕುಡಿಯುವ ನೀರು, ಮತ್ತು ಯಾರೂ ನಕಲು ಮಾಡಲಾಗದಷ್ಟು ಅನನುಕೂಲ. ನಾಸಿಕದಲ್ಲೊಂದು ಕೇಂದ್ರ, ಛತ್ರಪತಿ ಸಂಭಾಜಿನಗರದಲ್ಲೊಂದು. ನನ್ನ ಹುದ್ದೆಯ ಹೆಸರು ಎರಡು ಸಾಲು ಉದ್ದವಿದೆ. ಕೆಲಸ ಮಾತ್ರ, ಬೆಳಿಗ್ಗೆ ಯಂತ್ರಗಳನ್ನು ಎಬ್ಬಿಸುವುದು. ನಮ್ಮೂರಲ್ಲಿ ಇದೇ ಕೆಲಸವನ್ನು ಹುಂಜ ಮಾಡುತ್ತದೆ, ಹುದ್ದೆಯ ಹೆಸರಿಲ್ಲದೆ, ನನಗಿಂತ ಕಡಿಮೆ ತಪ್ಪುಗಳೊಂದಿಗೆ.

ಎಬ್ಬಿಸುವುದೆಂದರೆ ಹೀಗೆ. ಪರೀಕ್ಷೆಗೆ ಕೂತವರ ಮುಂದಿರುವುದು ಬರೀ ಪರದೆ, ಅದಕ್ಕೆ ಸ್ವಂತ ಮಿದುಳಿಲ್ಲ. ಪಕ್ಕದ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಯಂತ್ರ, ಅಂದರೆ ಸರ್ವರು. ಅದರ ಹೊಟ್ಟೆಯಲ್ಲಿ ಅರವತ್ತು ಸುಳ್ಳು ಕಂಪ್ಯೂಟರುಗಳು. ಸುಳ್ಳು ಎಂದರೆ ಮೈಯಿಲ್ಲದವು. ತಮಗೂ ಮೈ ಇದೆ ಎಂದು ಅವುಗಳನ್ನು ನಂಬಿಸಿರುತ್ತೇವೆ. ಅವುಗಳಿಗೆ ನೆನಪಿನ ಡಬ್ಬಿಯನ್ನೂ ಕೊಟ್ಟಿಲ್ಲ. ಎದ್ದ ಕೂಡಲೆ ತಂತಿಯ ಮೇಲೆ ಕೂಗಿ, ತಾವು ಯಾರು, ತಮ್ಮ ಬುದ್ಧಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಇದಕ್ಕೆ ನೆಟ್‌ವರ್ಕ್ ಬೂಟ್ ಎನ್ನುತ್ತಾರೆ. ದಿನಾ ಬೆಳಿಗ್ಗೆ ಎಲ್ಲ ಮರೆತು ಹುಟ್ಟುವುದರಿಂದ ನಿನ್ನೆಯವನ ಉತ್ತರ ಇವತ್ತಿನವನಿಗೆ ಸಿಗುವುದಿಲ್ಲ ಎಂಬುದು ಇದರ ಹೆಗ್ಗಳಿಕೆ. ಪ್ರತಿ ಸುಳ್ಳು ಕಂಪ್ಯೂಟರಿಗೂ ನಾಲ್ಕು ಪುಟದ ಒಂದು ಜಾತಕ ಬರೆಯಬೇಕು. ಅದರಲ್ಲಿ ಮೊದಲು ಯಾರ ಮಾತು ಕೇಳಿ ಏಳಬೇಕು ಎಂಬುದೊಂದು ಸಾಲು, ಗಡಿಯಾರ ಯಾವುದು ಎಂಬುದಿನ್ನೊಂದು ಸಾಲು. ಗಡಿಯಾರದ ಸಾಲಿನಲ್ಲಿ ಎರಡೇ ಆಯ್ಕೆ: ಜಗತ್ತಿನ ಸಮಯ ಅಥವಾ ಇಲ್ಲಿನ ಸಮಯ. ತಪ್ಪಿದರೆ ಐದೂವರೆ ಗಂಟೆ ಅತ್ತಿತ್ತ. ಈ ಐದೂವರೆ ಗಂಟೆ ನನ್ನನ್ನು ಎಷ್ಟು ಕಾಡಿದೆಯೆಂದರೆ, ಒಮ್ಮೆ ಜ್ವರದಲ್ಲಿ ನಾನು ಮಲಗಿದ್ದಾಗ ಹೊತ್ತೆಷ್ಟು ಎಂದು ಕೇಳಿದವರಿಗೆ "ಎಲ್ಲಿಯದು?" ಎಂದೆನಂತೆ.

ಇನ್ನು ನನ್ನ ಕೈಗಡಿಯಾರದ ವಿಷಯ. ಅದನ್ನು ನಾನು ಹತ್ತು ನಿಮಿಷ ಮುಂದಿಟ್ಟುಕೊಳ್ಳುತ್ತೇನೆ. ಮನೆಯ ಗೋಡೆಗಡಿಯಾರವೂ ಹತ್ತು ನಿಮಿಷ ಮುಂದು, ಅಲಾರಾಂ ಕೂಡ. ನಮ್ಮಪ್ಪ ಐದು ನಿಮಿಷ ಮುಂದಿಡುತ್ತಿದ್ದರು. ನಾನು ಮಗನಾಗಿ ಸಾಧಿಸಿದ ಪ್ರಗತಿ ಇದೊಂದೇ. ತಡವಾಗಬಾರದು ಎಂಬುದು ಇದರ ಉದ್ದೇಶ. ಆದರೆ ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರುವುದರಿಂದ ಎಲ್ಲರೂ ಹತ್ತು ಕಳೆದೇ ಲೆಕ್ಕ ಹಿಡಿಯುತ್ತಾರೆ, ನಾನೂ ಕಳೆಯುತ್ತೇನೆ. ಹಾಗಾಗಿ ಇಪ್ಪತ್ತು ವರ್ಷಗಳಲ್ಲಿ ಈ ವ್ಯವಸ್ಥೆಯಿಂದ ಯಾರೂ ಒಂದು ನಿಮಿಷವೂ ಬೇಗ ಎಲ್ಲಿಗೂ ಹೋಗಿಲ್ಲ. ಮೂರ್ಖತನಕ್ಕೂ ಒಂದು ಫಲ ಇರಬೇಕಲ್ಲ, ಇದಕ್ಕೆ ಅದೂ ಇಲ್ಲ. ಮಗಳು ನಾಸಿಕದಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾದರೂ ಬಾಯಿಗೆ ಬರುವುದು ಮರಾಠಿಯೇ. ಆದರೆ ಒಂದು ವಾಕ್ಯ ಮಾತ್ರ ಸ್ಪಷ್ಟ ಕನ್ನಡದಲ್ಲಿ ಕೇಳುತ್ತಾಳೆ: "ಖರೇ ಟೈಮಾ, ಅಪ್ಪನ ಟೈಮಾ?"

ಮನೆಯಲ್ಲಿ ಹೀಗೆ ಎರಡು ಕಾಲಗಳು. ಖರೇ ಟೈಮು ಜಗತ್ತಿನದು, ಅಪ್ಪನ ಟೈಮು ಹೆದರಿಕೆಯದು.

ನನ್ನ ಹೆಂಡತಿ ಆಳಂದದವಳು. ಮದುವೆಗೆ ಮೊದಲೇ ಗ್ರಂಥಾಲಯದ ಕೋರ್ಸು ಮುಗಿಸಿದ್ದಳು. ಆಮೇಲೆ ನಾಸಿಕ, ಮಗಳು, ನನ್ನ ತಾಯಿಯ ಮಂಡಿನೋವು, ನನ್ನ ಆತಂಕಗಳು ಎಂದು ಆ ಸರ್ಟಿಫಿಕೇಟು ಸೀರೆಗಳ ಕೆಳಗೆ ಹೋಗಿ ಮಲಗಿತು. ಇತ್ತೀಚೆಗೆ ಶಾಲೆಗಳನ್ನು ನಡೆಸುವ ಒಂದು ಟ್ರಸ್ಟಿನವರು ನಾಸಿಕದ ತಮ್ಮ ಶಾಲೆಗಳಿಗೆ ಮೂವರು ಗ್ರಂಥಪಾಲಕರು ಬೇಕೆಂದು ಅರ್ಜಿ ಕರೆದರು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಅವಳು ನನ್ನನ್ನು ಕೇಳದೆಯೇ ಅರ್ಜಿ ಹಾಕಿದಳು. ಕೇಳಿದ್ದರೆ ನಾನು ಒಂದು ಪಟ್ಟಿ ಕೊಡುತ್ತಿದ್ದೆ ಎಂಬುದು ಅವಳಿಗೆ ಗೊತ್ತು. ಆರು ತಿಂಗಳು ಅಡುಗೆಮನೆಯಲ್ಲಿ, ಕುಕ್ಕರಿನ ಪಕ್ಕ ಪುಸ್ತಕ ಒರಗಿಸಿ ಓದಿದಳು. ಪುಸ್ತಕಗಳ ವರ್ಗೀಕರಣದ ಸಂಖ್ಯೆಗಳನ್ನು ಹಿಟ್ಟು ನಾದುತ್ತ ಬಾಯಿಪಾಠ ಮಾಡಿದಳು. ಕೊನೆಗೆ ಪರೀಕ್ಷಾ ಕೇಂದ್ರದ ಹೆಸರು ಬಂತು: ಸಂಭಾಜಿನಗರ, ನಮ್ಮದೇ ಕಂಪನಿಯ ಕೋಣೆ.

ನಾನು ತಕ್ಷಣ ಮಾಲೀಕರ ಬಳಿ ಹೋಗಿ, ನನ್ನ ಹೆಂಡತಿ ಪರೀಕ್ಷೆಗೆ ಕೂರುತ್ತಿದ್ದಾಳೆ, ಬೇರೆ ಯಾರನ್ನಾದರೂ ಕಳಿಸಿ ಎಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಪ್ರಶ್ನೆಪತ್ರಿಕೆ ಟ್ರಸ್ಟಿನವರದು, ಬೀಗ ಅವರದು, ಮೇಲ್ವಿಚಾರಕಿ ಅವರ ಕಡೆಯವರು, ನಿಮ್ಮ ಕೈಯಲ್ಲಿ ಏನಿದೆ ಎಂದರು. "ತುಮ್ಹೀ ಫಾರ್ ಟೆನ್ಶನ್ ಘೇತಾ, ಸಾಹೇಬ್." ನೀವು ಬಹಳ ಟೆನ್ಷನ್ ತಗೊಳ್ತೀರಿ. ಈ ಮಾತನ್ನು ಹೇಳುವವರೆಲ್ಲ ತಾವು ತಗೊಳ್ಳದ್ದನ್ನು ನನಗೆ ಕೊಟ್ಟು ಹೋಗುವವರೇ.

ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಅವಳ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಕೇಂದ್ರಕ್ಕೆ ಹೋದೆ. ಅಲ್ಲಿನ ಮ್ಯಾನೇಜರು ಸಿಲ್ಲೋಡಿನ ಕಡೆಯ ಮನುಷ್ಯ, ನಿವೃತ್ತಿಯ ನಂತರ ಇಲ್ಲಿ ಬಂದು ಕೂತವರು. ಸರ್ವರಿಗೆ ನಿಂಬೆಕಾಯಿ, ಮೆಣಸಿನಕಾಯಿ ಕಟ್ಟಿದ್ದರು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವನು ಸರ್ವರಿನ ಹಣೆಗೆ "ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿ ಹೋಗಿದ್ದ. ಅವನು ಬಿಟ್ಟುಹೋದ ಒಟ್ಟು ತಾಂತ್ರಿಕ ದಾಖಲೆ ಅದೊಂದೇ. ಆ ಚೀಟಿಯೂ ಈ ನಿಂಬೆಕಾಯಿಯೂ ಸೇರಿದರೆ ನಮ್ಮ ಕಂಪನಿಯ ಸುರಕ್ಷಾ ನೀತಿ ಪೂರ್ತಿಯಾಗುತ್ತದೆ.

ಪರೀಕ್ಷಾ ಕೋಣೆಯ ಗೋಡೆಗೆ ಒಂದು ಹೊಸ ಪ್ಲಾಸ್ಟಿಕ್ ಗಡಿಯಾರ ಬಂದಿತ್ತು. ನಡುವೆ ಒಂದು ಹತ್ತಿಯ ಗಿಡ, ಕೆಳಗೆ ಬೀಜದಂಗಡಿಯ ಜಾಹೀರಾತು. ಮ್ಯಾನೇಜರು ಅದನ್ನು ಮನೆಯಿಂದ ತಂದಿದ್ದರಂತೆ. ಅದರ ಕಡೆ ಹೆಮ್ಮೆಯಿಂದ ಕೈ ತೋರಿಸಿದರು. ನಾನು ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ನೋಡುವ ಹಾಗೆ ನೋಡಿದೆ.

ಟ್ರಸ್ಟಿನವರ ನಿಯಮ ಕಟ್ಟುನಿಟ್ಟು. ಶನಿವಾರದಿಂದಲೇ ಇಂಟರ್ನೆಟ್ ಬಂದ್. ಮೊಬೈಲುಗಳು ಗೇಟಿನ ಬಳಿಯ ತಟ್ಟೆಯಲ್ಲಿ. ನನ್ನದೂ, ಮ್ಯಾನೇಜರದೂ, ಯಾರದೂ ಒಳಗಿಲ್ಲ. ಸರ್ವರು ಎದ್ದಿತು. ಟೆಂಪೋದ ಕುಲುಕಾಟದಲ್ಲೋ ವಯಸ್ಸಾಗಿಯೋ ಅದರ ಗಡಿಯಾರವನ್ನು ಕಾಪಾಡುವ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ಹತ್ತಾರು ವರ್ಷ ಹಿಂದಿನ ಯಾವುದೋ ಜನವರಿ ಒಂದನೆಯ ತಾರೀಖಿನಲ್ಲಿ ಅದು ನಿಶ್ಚಿಂತೆಯಾಗಿ ಕೂತಿತ್ತು. ಬ್ಯಾಟರಿ ಬದಲಿಸಿದೆ. ಬೇರೆ ದಿನವಾಗಿದ್ದರೆ ಇಂಟರ್ನೆಟ್ಟಿನಿಂದ ಸಮಯವನ್ನು ತಾನೇ ಕೇಳಿ ತಿದ್ದಿಕೊಳ್ಳುತ್ತಿತ್ತು. ಇವತ್ತು ಅದರ ಬಾಯಿ ಕಟ್ಟಿದೆ, ಸಮಯವನ್ನು ನಾನೇ ಕೈಯಿಂದ ಬರೆಯಬೇಕು.

ಮ್ಯಾನೇಜರು ಬಾಗಿಲಲ್ಲಿ ನಿಂತು ಗೋಡೆಯ ಕಡೆ ಬೆರಳು ತೋರಿಸಿದರು. "ಸಾಹೇಬ್, ಹ್ಯಾ ಘಡ್ಯಾಳಾಶೀ ಜುಳವೂನ್ ಘ್ಯಾ. ಸಕಾಳೀಚ್ ಫೋನ್ ಬಘೂನ್ ಲಾವಲಂಯ್." ಈ ಗಡಿಯಾರಕ್ಕೆ ಹೊಂದಿಸಿಕೊಳ್ಳಿ, ಬೆಳಿಗ್ಗೆಯೇ ಫೋನು ನೋಡಿ ಇಟ್ಟಿದ್ದೇನೆ ಎಂದರ್ಥ.

ನಾನು ನಕ್ಕೆ. ಆ ನಗೆ ಈಗಲೂ ನೆನಪಾಗುತ್ತದೆ, ಹಲ್ಲು ನೋವಿನ ಹಾಗೆ. "ಕಾಕಾ," ಎಂದೆ, "ಇದು ಸರ್ವರ್. ಹತ್ತಿಬೀಜದ ಗಡಿಯಾರ ನೋಡಿ ಸರ್ವರ್ ಇಡೋದಿಲ್ಲ." ಮರಾಠಿಯಲ್ಲಿ ಹೇಳಿದ್ದರಿಂದ ಅದು ಇನ್ನೂ ಕೆಟ್ಟದಾಗಿಯೇ ಕೇಳಿಸಿರಬೇಕು. ಅವರು "ಬರಂ", ಆಗಲಿ, ಎಂದು ಹೊರಟುಹೋದರು. ನಾನು ನನ್ನ ಮಣಿಕಟ್ಟು ನೋಡಿ ಸಮಯ ಬರೆದೆ.

ಆಮೇಲೆ ನನ್ನ ನಿಜವಾದ ಸಾಹಸ ಶುರುವಾಯಿತು. ಅರವತ್ತು ಜಾತಕಗಳನ್ನು ಒಂದೊಂದಾಗಿ ತೆರೆದು ಗಡಿಯಾರದ ಸಾಲು ನೋಡಿದೆ: ಇಲ್ಲಿನ ಸಮಯ, ಇಲ್ಲಿನ ಸಮಯ, ಇಲ್ಲಿನ ಸಮಯ. ಏಳುವ ಕ್ರಮ ನೋಡಿದೆ: ಮೊದಲು ನೆಟ್‌ವರ್ಕು. ಊರಿನ ಹಳೆಯ ಹೆಸರಿನ ಕಡತವನ್ನೂ ಹೊಸ ಹೆಸರಿನ ಕಡತವನ್ನೂ ಎರಡನ್ನೂ ಇಟ್ಟೆ. ಯಾವ ಹೆಸರಿನಿಂದ ಕರೆದರೂ ಓ ಎನ್ನಲಿ. ಎಲ್ಲವನ್ನೂ ಮಲಗಿಸಿ ಎಬ್ಬಿಸಿದೆ, ಮತ್ತೆ ಮಲಗಿಸಿ ಎಬ್ಬಿಸಿದೆ. ಅರವತ್ತೂ ಕೂಗಿದವು, ಅರವತ್ತಕ್ಕೂ ಉತ್ತರ ಸಿಕ್ಕಿತು. ಸಾಲಾಗಿ ಓಡಾಡಿ ಪ್ರತಿ ಪರದೆಯ ಮೂಲೆಯ ಗಡಿಯಾರವನ್ನು ಒಂದರೊಡನೊಂದು ಹೋಲಿಸಿದೆ. ಸೆಕೆಂಡಿನ ವ್ಯತ್ಯಾಸವಿಲ್ಲ. ಐದೂವರೆ ಗಂಟೆಯ ಭೂತ ಎಲ್ಲಿಯೂ ಇಲ್ಲ. ಅರವತ್ತು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದವು. ಅರವತ್ತಕ್ಕೂ ಹೇಳಿಕೊಟ್ಟವನು ಒಬ್ಬನೇ ಎಂಬುದು ನನಗೆ ಹೊಳೆಯಲಿಲ್ಲ. ಆ ಗೋಡೆಗಡಿಯಾರದ ಕೆಳಗೇ ಎಷ್ಟು ಸಲ ಹಾದುಹೋದೆನೋ. ಒಮ್ಮೆಯೂ ತಲೆ ಎತ್ತಲಿಲ್ಲ. ತಾತ್ಸಾರಕ್ಕೆ ಕತ್ತು ಬಗ್ಗುವುದೇ ಇಲ್ಲ ಎನ್ನುತ್ತಾರೆ. ನನ್ನದಕ್ಕೆ ಮೇಲೇಳಲಿಕ್ಕೂ ಬರಲಿಲ್ಲ.

ಸಂಜೆ ಚಿಕ್ಕಮ್ಮನ ಮನೆಯಲ್ಲಿ ಚಹಾ ಕುಡಿಯುತ್ತ ಹೆಂಡತಿಗೆ ನಾಳೆಯ ಸೂಚನೆಗಳನ್ನು ಕೊಡಲು ಶುರುಮಾಡಿದೆ.

"ಪರದೆ ಕಪ್ಪಾದ್ರ ಹೆದರಬ್ಯಾಡ. ಕೈ ಎತ್ತು. ಮೌಸ್ ಹಿಡೀಲಿಲ್ಲಂದ್ರ—"

"ರೀ, ನೀವು ಒಂದು ಕೆಲಸ ಮಾಡ್ರಿ," ಎಂದಳು. "ನಾಳೆ ನಂದು ಪರೀಕ್ಷೆ ನೀವು ಬರೀರಿ, ನಿಮ್ಮ ಚಿಂತಿ ನಾ ಮಾಡ್ತೀನಿ. ಹನ್ನೊಂದ್ರೊಳಗ ಮುಗಿಸಿ ಮಲ್ಕೋತೀನಿ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಎಷ್ಟಕ್ಕ ಹೊರಡೂದು?" ಎಂದು ಹೆಂಡತಿ ಕೇಳಿದಳು.

"ಒಂಬತ್ತೂವರೆಗೆ."

"ಖರೇ ಟೈಮಾ?"

"ಖರೇ ಟೈಮು," ಎಂದೆ, ಕೈಗಡಿಯಾರ ನೋಡಿ ಹತ್ತು ಕಳೆಯುತ್ತ. ಅಲ್ಲಿ ಕಳೆದೆ. ಅದನ್ನು ಯೋಚಿಸಿದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಚಹಾ ಕುಡಿಯುವಾಗ ಕಳೆಯಲು ನೆನಪಾಯಿತು.

ಭಾನುವಾರ ಎಲ್ಲ ಸರಿಯಾಗಿತ್ತು. ಕರೆಂಟು ಇತ್ತು. ಕೀಲಿಯವನು ಹಾಜರಿದ್ದ. ಕಾಗುಣಿತದ ಬಗ್ಗೆ ಯಾರೂ ಕೇಳಲಿಲ್ಲ. ನಾನು ಸರ್ವರಿನ ಕೋಣೆಯಲ್ಲಿ ಕೂತೆ. ಅದಕ್ಕೂ ಪರೀಕ್ಷಾ ಕೋಣೆಗೂ ನಡುವೆ ಒಂದು ಗಾಜಿನ ಕಿಟಕಿ. ಅಲ್ಲಿಂದ ಹೆಂಡತಿಯ ಬೆನ್ನು, ಜಡೆ, ಹೆಗಲಿಗೆ ಸಿಕ್ಕಿಸಿದ ಪಿನ್ನು ಕಾಣುತ್ತಿದ್ದವು. ಟ್ರಸ್ಟಿನಿಂದ ಬಂದ ಮೇಲ್ವಿಚಾರಕಿ ಗೋಡೆಗಡಿಯಾರದ ಕಡೆ ನೋಡಿ, ಹನ್ನೊಂದಾಯಿತು, ಶುರುಮಾಡಿ ಎಂದು ಗುಂಡಿ ಒತ್ತಿದರು. ಹನ್ನೆರಡೂವರೆಗೆ ಪತ್ರಿಕೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದನ್ನು ಪರದೆಯ ಗಡಿಯಾರವೇ ನೋಡಿಕೊಳ್ಳುತ್ತದೆ. ಅರವತ್ತು ತಲೆಗಳು ಬಾಗಿದವು.

ಮೂರು ನಿಮಿಷವಾಗಿರಬೇಕು. ಮೂವತ್ತೇಳನೆಯ ಕುರ್ಚಿ ಎದ್ದು ನಿಂತಿತು.

ಪರದೆ ಹೋಯಿತು ಎಂದುಕೊಂಡೆ. ಪಟ್ಟಿಯಲ್ಲಿ ಬೆರಳು ಓಡಿಸಿದೆ: ತಂತಿ, ಇಲಿ, ಎರಡು ಯಂತ್ರಕ್ಕೆ ಒಂದೇ ಹೆಸರು. ಗಾಜಿನಾಚೆ ಅವಳು ಒಂದು ಕೈಯಿಂದ ಪರದೆಯನ್ನೂ ಇನ್ನೊಂದು ಕೈಯಿಂದ ಗೋಡೆಯನ್ನೂ ತೋರಿಸುತ್ತಿದ್ದಳು. ಮೇಲ್ವಿಚಾರಕಿ ತಲೆ ಅಲ್ಲಾಡಿಸುತ್ತಿದ್ದರು. ನಾನು ಬಾಗಿಲು ತೆರೆದೆ.

"ಗೋಡೆಯದು ಹಿಂದಿರಬೇಕು ಮೇಡಂ," ಮೇಲ್ವಿಚಾರಕಿ ಮರಾಠಿಯಲ್ಲಿ ಹೇಳುತ್ತಿದ್ದರು. "ಕಂಪ್ಯೂಟರ್ ತಪ್ಪುವುದಿಲ್ಲ. ಕೂತ್ಕೊಳ್ಳಿ, ನಿಮ್ಮ ಟೈಮೇ ಹೋಗ್ತಿದೆ."

"ಹೋಗ್ತಿರೋದು ಎಲ್ಲರದೂ," ಎಂದಳು ನನ್ನ ಹೆಂಡತಿ. ಅವಳ ಮರಾಠಿಯಲ್ಲಿ ಆಳಂದದ ಗಡಸು ಇನ್ನೂ ಇದೆ. "ಪರದೆಯಲ್ಲಿ ಹತ್ತು ನಿಮಿಷ ಮುಂದಿದೆ. ಹತ್ತು ನಿಮಿಷ ಮೊದಲೇ ಮುಚ್ಚಿಕೊಳ್ಳತ್ತೆ."

"ನಿಮಗೆ ಹೇಗೆ ಗೊತ್ತು?"

ಅವಳು ತಿರುಗಿ, ಬಾಗಿಲಲ್ಲಿ ನಿಂತ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿನ ನೋಟವಲ್ಲ. ದಾರಿಯಲ್ಲಿ ಪರಿಚಯದವರ ಎಮ್ಮೆ ಕಂಡಾಗ ನೋಡುವ ಹಾಗೆ, ಇದು ಇಂಥವರದು ಎಂದು.

"ಹೀ ಆಮ್ಚ್ಯಾ ಘರ್ಚೀ ವೇಳ್ ಆಹೇ," ಎಂದಳು. ಇದು ನಮ್ಮ ಮನೆಯ ಟೈಮು.

ಯಾರೋ ಕಿಸಕ್ಕೆಂದರು. ಮ್ಯಾನೇಜರು ಗೇಟಿಗೆ ಹೋಗಿ ತಟ್ಟೆಯಿಂದ ಒಂದು ಫೋನು ತಂದರು. ಹನ್ನೊಂದು ಗಂಟೆ ಏಳು ನಿಮಿಷ. ಗೋಡೆಯ ಹತ್ತಿಗಿಡವೂ ಅದನ್ನೇ ಹೇಳುತ್ತಿತ್ತು. ನನ್ನ ಅರವತ್ತು ಸಾಕ್ಷಿಗಳು ಒಕ್ಕೊರಲಿನಿಂದ ಹನ್ನೊಂದು ಹದಿನೇಳು ಎನ್ನುತ್ತಿದ್ದವು. ಮೇಲ್ವಿಚಾರಕಿ ಟ್ರಸ್ಟಿಗೆ ಫೋನು ಮಾಡಿ ಒಪ್ಪಿಗೆ ಪಡೆದರು. ಮುಚ್ಚುವ ಸಮಯವನ್ನು ಪರದೆಯ ಲೆಕ್ಕದಲ್ಲಿ ಹನ್ನೆರಡು ನಲವತ್ತಕ್ಕೆ ಬದಲಿಸಿದೆ. ಒಂದೇ ಅಂಕಿ. ಹೆಂಡತಿ ಕೂತು ಮೊದಲ ಪ್ರಶ್ನೆ ಓದಲು ಶುರುಮಾಡಿದಾಗ ಹನ್ನೊಂದು ಹನ್ನೆರಡು. ಉಳಿದವರು ಅಷ್ಟೂ ಹೊತ್ತು ಬರೆಯುತ್ತಲೇ ಇದ್ದರು.

ಮರಳುವ ಬಸ್ಸು ವೈಜಾಪುರ ದಾಟಿತು. ಆಮೇಲೆ ನಾನೇ ಕೇಳಿದೆ: "ನಿನಗ ಹೆಂಗ ಅಷ್ಟು ಖಾತ್ರಿ ಆತು?"

"ಎಂಟು ನಿಮಿಷ ಮುಂದಿದ್ರ ಸುಮ್ನಿರ್ತಿದ್ದೆ. ಹನ್ನೆರಡು ಇದ್ರೂ ಸುಮ್ನಿರ್ತಿದ್ದೆ. ಬರೊಬ್ಬರಿ ಹತ್ತು ಅಂದಮ್ಯಾಲ ಯಾರದಂತ ತಿಳೀದಿಲ್ಲೇನು? ಇಪ್ಪತ್ತು ವರ್ಷದ ಸಂಸಾರ ಅದ."

"ಸುಮ್ನ ಇದ್ದಿದ್ರ ನಿನಗ ಲಾಭ ಇತ್ತು. ಹತ್ತು ನಿಮಿಷ ಮೊದಲ ಮುಚ್ಚತದ ಅಂತ ನಿನಗ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ."

"ಹೌದು," ಎಂದಳು. "ಆಮ್ಯಾಲ ಆ ಐವತ್ತೊಂಬತ್ತು ಮಂದಿ ಶಾಪ ನಿಮಗ ತಗಲ್ತಿತ್ತು. ನಿಮ್ಮ ಪಟ್ಟಿಯೊಳಗ ಅದೊಂದು ಕಮ್ಮಿ ಇತ್ತು ನೋಡ್ರಿ."

ಎಷ್ಟು ಪ್ರಶ್ನೆ ಬಿಟ್ಟೆ ಎಂದು ಕೇಳಿದೆ. ಕೊನೆಯ ಏಳು ಎಂದಳು, ಕಿಟಕಿಯಾಚೆ ನೋಡುತ್ತ. ಎಲ್ಲ ವರ್ಗೀಕರಣದ ಸಂಖ್ಯೆಗಳಂತೆ, ಬಾಯಿಪಾಠ ಬರುತ್ತಿದ್ದಂಥವೇ.

ನಾನು ಕೈಗಡಿಯಾರ ಬಿಚ್ಚಿ ಸರಿಮಾಡಲು ಹೋದೆ. ಅವಳು ನನ್ನ ಕೈ ತಡೆದಳು. "ಇರ್ಲಿ ಬಿಡ್ರಿ. ಈಗ ನೀವು ಸುಧಾರಿಸಿದ್ರ ನಾ ಮತ್ತ ಹೊಸಾ ಲೆಕ್ಕ ಕಲೀಬೇಕು."

ಫಲಿತಾಂಶ ಮೂರು ವಾರದಲ್ಲಿ ಬಂತು. ಹುದ್ದೆ ಮೂರು, ಅವಳ ಹೆಸರು ನಾಲ್ಕನೆಯದು, ಕಾಯುವವರ ಪಟ್ಟಿಯಲ್ಲಿ ಮೊದಲನೆಯದು. ಮೂವರಲ್ಲಿ ಒಬ್ಬರು ಸೇರದಿದ್ದರೆ ಕರೆಯುತ್ತಾರಂತೆ. ಅವಳು ಸರ್ಟಿಫಿಕೇಟನ್ನು ಸೀರೆಗಳ ಕೆಳಗೆ ಇಡಲಿಲ್ಲ, ಮೇಲೆಯೇ ಇಟ್ಟಿದ್ದಾಳೆ. ಫೋನು ರಿಂಗಾದಾಗಲೆಲ್ಲ ಸೌಟು ಹಿಡಿದೇ ಬರುತ್ತಾಳೆ. ಆ ಮೂವರಲ್ಲಿ ಯಾರಿಗಾದರೂ ದೂರದ ಊರಿಗೆ ವರ್ಗವಾಗುವ ಗಂಡ ಇರಲಿ ಎಂದು ನಾನು ಹಾರೈಸುತ್ತಿರುತ್ತೇನೆ. ಇಷ್ಟು ಕೀಳಾಗಿ ನಾನು ಬೇರೆ ಯಾವುದಕ್ಕೂ ಹಾರೈಸಿಲ್ಲ.

ಕಂಪನಿಗೆ ವರದಿ ಕೊಡಬೇಕಿತ್ತು. ನಾನು ಎರಡೂವರೆ ಪುಟ ಬರೆದೆ. ಸತ್ತ ಬ್ಯಾಟರಿ, ಸಾಗಣೆಯ ಕುಲುಕಾಟ, ಇಂಟರ್ನೆಟ್ ಇಲ್ಲದಾಗ ಸಮಯ ಹೊಂದಿಸುವುದರ ತೊಡಕುಗಳು, ಜಗತ್ತಿನ ಸಮಯ ಮತ್ತು ಇಲ್ಲಿನ ಸಮಯದ ಆಯ್ಕೆ, ಮೈಯಿಲ್ಲದ ಯಂತ್ರಗಳು ಸರ್ವರಿನ ಗಡಿಯಾರವನ್ನು ಪಡೆದುಕೊಳ್ಳುವ ವಿಧಾನ. ಒಂದು ಚಿತ್ರವನ್ನೂ ಬಿಡಿಸಿದ್ದೆ, ಬಾಣಗಳಿದ್ದವು. ಕೇಂದ್ರದ ಮ್ಯಾನೇಜರ ಸಹಿ ಬೇಕೆಂದು ಸಂಭಾಜಿನಗರಕ್ಕೆ ಕಳಿಸಿದೆ. ವಾರ ಬಿಟ್ಟು ವಾಪಸು ಬಂತು. ಸಹಿ ಇತ್ತು. "ಕಾರಣ" ಎಂಬಲ್ಲಿ ನಾನು ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ, ಶಾಲೆಯ ಮಕ್ಕಳಿಗೂ ಓದಲು ಬರುವ ಹಾಗೆ ಬರೆದಿದ್ದರು:

"ಸಾಹೇಬಾಂಚೇ ಘಡ್ಯಾಳ್ ದಹಾ ಮಿನಿಟೇ ಪುಢೇ ಹೋತೇ."

ಸಾಹೇಬರ ಗಡಿಯಾರ ಹತ್ತು ನಿಮಿಷ ಮುಂದಿತ್ತು.